ನಿಂತರೆ ಯಾರು ಸರಿಮಾಡುತ್ತಾರೆ?

ಜುಲೈ 25 ಸಂತ ಕ್ರಿಸ್ತೋಫರರ ದಿನ. ಅದರ ಹತ್ತಿರದ ಭಾನುವಾರ ಎರಡನೆಯ ಪೂಜೆ ಮುಗಿದ ಕೂಡಲೇ ನಮ್ಮ ದೇವಾಲಯದ ಅಂಗಳದಲ್ಲಿ ವಾಹನಗಳ ಆಶೀರ್ವಾದ ನಡೆಯುತ್ತದೆ. ಸ್ವಾಮಿಗಳು ಒಂದು ಸಾಲಿಗೆ ಪವಿತ್ರ ಜಲ ಚಿಮುಕಿಸಿ ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಹಿಂದೆ ಚರ್ಚೆ ಶುರುವಾಗಿರುತ್ತದೆ. "ಜರ್ಮನಿ ಗಾಡಿ ಬಾಗಿಲು ಹಾಕಿದ್ರೆ ಆ ಶಬ್ದವೇ ಬೇರೆ." "ಜಪಾನ್ ಎಂಜಿನ್ನಿಗೆ ಸಾವೇ ಇಲ್ಲ ಕಣ್ರೀ." "ಕೊರಿಯಾದವರು ಕೊಟ್ಟ ದುಡ್ಡಿಗೆ ಎಷ್ಟೊಂದು ಸೌಕರ್ಯ ಕೊಡ್ತಾರೆ ನೋಡಿ." "ನಮ್ಮ ದೇಶದ್ದೇ ತಗೊಳ್ಳಿ, ತಗಡು ಗಟ್ಟಿ." ಒಂದು ಕಾಲದಲ್ಲಿ ಈ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದವರು ನಾವೇ. ಈಗ ಸುಮ್ಮನೆ ಕೇಳಿಸಿಕೊಳ್ಳುತ್ತೇವೆ. ಅದಕ್ಕೆ ಕಾರಣ ಆನೈಮಲೈ ಬೆಟ್ಟದ ಹದಿಮೂರನೆಯ ತಿರುವು.

ಆನೈಮಲೈ ಎಂದರೆ ಆನೆಗಳ ಬೆಟ್ಟ. ಕೊಯಮತ್ತೂರಿನಿಂದ ದಕ್ಷಿಣಕ್ಕೆ ಪೊಳ್ಳಾಚಿ, ಅಲ್ಲಿಂದ ಆಳಿಯಾರು ಅಣೆಕಟ್ಟು, ಅದು ದಾಟಿದರೆ ಘಾಟಿ. ಪೊಳ್ಳಾಚಿಯಿಂದ ವಾಲ್ಪಾರೈ ಪಟ್ಟಣಕ್ಕೆ ಸುಮಾರು 64 ಕಿಲೋಮೀಟರು, ನಡುವೆ 40 ಹೇರ್‌ಪಿನ್ ತಿರುವುಗಳು. ಪ್ರತಿ ತಿರುವಿಗೂ ನಂಬರು ಬರೆದ ಫಲಕವಿದೆ. ಮೇಲೆ ಹೋದರೆ ಕಣ್ಣು ಹಾಯಿಸಿದಷ್ಟು ದೂರವೂ ಚಹಾ ತೋಟ. ಅಂಥ ಒಂದು ತೋಟದ ವರ್ಕ್‌ಶಾಪಿನಲ್ಲಿ ನಮ್ಮ ಸೋದರಮಾವ, ಅಂದರೆ ಅಮ್ಮನ ಒಬ್ಬನೇ ತಮ್ಮ, 31 ವರ್ಷ ಫಿಟ್ಟರ್ ಆಗಿದ್ದರು. ಮೈಸೂರಿನಲ್ಲಿ ಐ.ಟಿ.ಐ. ಮುಗಿಸಿ ಕೆಲಸ ಹುಡುಕುತ್ತ ಹೋದವರು ಅಲ್ಲೇ ಮದುವೆಯಾಗಿ, ತಮಿಳು ಕಲಿತು, ಅಲ್ಲಿನ ಧರ್ಮಕೇಂದ್ರದವರೇ ಆಗಿಹೋದರು. ಅಕ್ಕನ ಜೊತೆ ಫೋನಿನಲ್ಲಿ ಮಾತ್ರ ಕನ್ನಡ. ಅದೂ ಹಳೆಯ ಕನ್ನಡ, ಊರು ಬಿಟ್ಟ ದಿನ ಇದ್ದ ಕನ್ನಡ.

ರಜೆಗೆ ಹೋದಾಗ ನಾವು ಮಾವನ ಶೆಡ್ಡಿನಲ್ಲೇ ಹೊತ್ತು ಕಳೆಯುತ್ತಿದ್ದೆವು. ಅಲ್ಲಿ ಮ್ಯಾನೇಜರರ ಅಂಬಾಸಿಡರ್, ಎರಡು ಜೀಪು, ಎಲೆ ಸಾಗಿಸುವ ಟ್ರಾಕ್ಟರು, ಲಾರಿ ಎಲ್ಲವೂ ಒಂದಲ್ಲ ಒಂದು ದಿನ ಬಂದು ಮಲಗುತ್ತಿದ್ದವು. ಯಾವ ಗಾಡಿ ಯಾವ ದೇಶದ್ದು ಎಂದು ನಾವು ಕೇಳುವುದು, ಮಾವ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡದೆ ಹೇಳುವುದು. ಅಂಬಾಸಿಡರ್ ನಮ್ಮದೇ ಎಂದು ನಾವು ತಿಳಿದಿದ್ದೆವು. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾದರಿ, ಕೊಲ್ಕತ್ತದ ಹತ್ತಿರ ಉತ್ತರಪಾರಾದಲ್ಲಿ ತಯಾರಾಗುತ್ತದೆ ಎಂದು ಗೊತ್ತಾದದ್ದು ಅಲ್ಲಿ. ಆಮೇಲೆ 1990ರ ದಶಕದಲ್ಲಿ ಅದಕ್ಕೆ ಜಪಾನಿನ ಇಸುಝು ಎಂಜಿನ್ ಬಂತು. "ಮೈ ಬಿಳಿಯರದ್ದು, ಗುಂಡಿಗೆ ಜಪಾನಿನದ್ದು, ಪೆಟ್ಟು ತಿನ್ನೋದು ನಮ್ಮ ರೋಡಿನಲ್ಲಿ" ಎಂದು ಮಾವ ನಗುತ್ತಿದ್ದರು. ಮಹೀಂದ್ರಾ ಜೀಪು ಅಮೆರಿಕದ ವಿಲ್ಲೀಸ್. ಊರಿನಲ್ಲಿ ಡಾಕ್ಟರರ ಮನೆಯಲ್ಲಿದ್ದ ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್ 1100. ಹಾಗೆ ನೋಡಿದರೆ ಆ ಕಾಲದ ಭಾರತದ ರಸ್ತೆಯಲ್ಲಿ ನಮ್ಮದೆಂಬ ಕಾರೇ ಇರಲಿಲ್ಲ. ಆದರೆ ಎಲ್ಲವೂ ನಮ್ಮವಾಗಿದ್ದವು. ಯಾಕೆಂದರೆ ಯಾವ ಊರಿನ ಬಸ್‌ಸ್ಟ್ಯಾಂಡಿನ ಹಿಂದೆ ಹೋದರೂ ಅವನ್ನು ಬಿಚ್ಚಿ ಜೋಡಿಸಬಲ್ಲ ಒಬ್ಬ ಹುಡುಗ ಸಿಗುತ್ತಿದ್ದ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಎಲ್ಲವನ್ನೂ ಬದಲಿಸಿತು. ಸುಜುಕಿಯ 796 ಸಿ.ಸಿ. ಪುಟ್ಟ ಎಂಜಿನ್. ಮೊದಮೊದಲು ಮಾವ ಅದನ್ನು ಬೆಂಕಿಪೊಟ್ಟಣ ಎನ್ನುತ್ತಿದ್ದರು. ಆಮೇಲೆ ಅದು ಐದು ಜನರನ್ನು ಹೊತ್ತು ನಲವತ್ತು ತಿರುವನ್ನೂ ನೀರು ಕುಡಿಯದೆ ಏರಿದ್ದನ್ನು ಕಂಡು ಸುಮ್ಮನಾದರು. ಅಂಬಾಸಿಡರ್ ಕಾಲದಲ್ಲಿ ಬಾನೆಟ್ಟು ಎತ್ತಿ, ಚೊಂಬಿನಲ್ಲಿ ನೀರು ಹಿಡಿದು, ಹಬೆ ಇಳಿಯಲಿ ಎಂದು ಕಾಯುವುದು ಘಾಟಿಯ ಪ್ರಯಾಣದ ಒಂದು ಭಾಗವೇ ಆಗಿತ್ತು. ಅದೇ ನೆಪದಲ್ಲಿ ಬುತ್ತಿ ಬಿಚ್ಚುತ್ತಿದ್ದರು, ಮಕ್ಕಳು ಕೋತಿಗಳಿಗೆ ಹೆದರುತ್ತಿದ್ದರು. ಮಾರುತಿ ಬಂದ ಮೇಲೆ ಆ ಬುತ್ತಿ ಊಟ ತಪ್ಪಿತು.

1998ರಲ್ಲಿ ಕೊರಿಯಾದ ಸ್ಯಾಂಟ್ರೋ ಚೆನ್ನೈ ಹತ್ತಿರದ ಶ್ರೀಪೆರುಂಬುದೂರಿನಿಂದ ಹೊರಬಿತ್ತು. ಅದೇ ವರ್ಷದ ಕೊನೆಗೆ ಟಾಟಾದವರ ಇಂಡಿಕಾ. 2000ದಲ್ಲಿ ನಮ್ಮ ಬಿಡದಿಯಿಂದ ಟೊಯೋಟಾ ಕ್ವಾಲಿಸ್. ಅದು ಜಪಾನಿನ ಕಂಪನಿಯದಾದರೂ ಮೂಲದಲ್ಲಿ ಇಂಡೋನೇಷ್ಯದ ರಸ್ತೆಗಾಗಿ ಮಾಡಿದ ಗಾಡಿ. ಯುರೋಪು, ಅಮೆರಿಕದವರೂ ಒಬ್ಬೊಬ್ಬರಾಗಿ ಬಂದರು. ಪತ್ರಿಕೆ ಬಿಡಿಸಿದರೆ ಕಾರಿನ ಜಾಹೀರಾತು. ನಮ್ಮ ಕಣ್ಣು ಯುರೋಪಿನ ಮೇಲೆ ಬಿತ್ತು.

2008ರಲ್ಲಿ ಬೆಂಗಳೂರಿನ ಒಬ್ಬರಿಂದ ನಾವು ಯುರೋಪಿನ ಹೆಸರಾಂತ ಕಂಪನಿಯ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡೆವು. ಹೆಸರು ಬೇಡ. ಗಾಡಿಯ ತಪ್ಪಿಗಿಂತ ನಮ್ಮ ತಪ್ಪೇ ದೊಡ್ಡದು. ಅದೇ ದುಡ್ಡಿಗೆ ಹೊಸ ಚಿಕ್ಕ ಕಾರು ಬರುತ್ತಿತ್ತು. ಆದರೆ ಬಾಗಿಲು ಹಾಕಿದಾಗ ಆ ಶಬ್ದ! ಬೀದಿಯವರು ತಿರುಗಿ ನೋಡುತ್ತಿದ್ದರು. ಆಶೀರ್ವಾದದ ಭಾನುವಾರ ಅದನ್ನು ಮೊದಲ ಸಾಲಿನಲ್ಲೇ ನಿಲ್ಲಿಸಿದೆವು. ಫೋನಿನಲ್ಲಿ ಮಾವನಿಗೆ ಹೇಳಿದಾಗ ಅವರು ಸಂತೋಷಪಟ್ಟು, "ಮೈಸೂರಿನಲ್ಲಿ ಅದರ ಸಾಮಾನು ಸಿಗುತ್ತಾ?" ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ನಾವು ಹಳೆಯ ಕಾಲದವರ ಮಾತೆಂದು ನಕ್ಕು ಬಿಟ್ಟೆವು.

2009ರ ಜುಲೈ. ಮಾವನ ಶ್ವಾಸಕೋಶದ ಕಾಯಿಲೆ ಕೈಮೀರಿತ್ತು. ಆಸ್ಪತ್ರೆಯವರು ಮನೆಗೆ ಕಳುಹಿಸಿದ್ದಾರೆ, ಅಕ್ಕನನ್ನು ಕೇಳುತ್ತಿದ್ದಾರೆ ಎಂದು ಅತ್ತೆ ರಾತ್ರಿ ಫೋನು ಮಾಡಿದರು. ಬೆಳಗಿನ ಜಾವ ಐದಕ್ಕೆ ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು ಹೊರಟೆವು. ಚಾಮರಾಜನಗರ, ಹಾಸನೂರು ದಾಟಿ ದಿಂಬಂ ಘಾಟಿಯ 27 ತಿರುವು ಇಳಿಯುವಾಗ ಗಾಡಿ ರೇಷ್ಮೆಯಂತೆ ಹೋಯಿತು. ಸತ್ಯಮಂಗಲ, ಕೊಯಮತ್ತೂರು, ಪೊಳ್ಳಾಚಿ. ಹನ್ನೆರಡೂ ಕಾಲಕ್ಕೆ ಆಳಿಯಾರು. ಎರಡೂವರೆಗೆ ಮಾವನ ಮನೆ ಸೇರುತ್ತೇವೆ ಎಂದು ಲೆಕ್ಕ ಹಾಕಿದೆವು. ಅಮ್ಮ ಹಿಂದಿನ ಸೀಟಿನಲ್ಲಿ ಎರಡನೆಯ ಜಪಸರ ಮುಗಿಸಿದ್ದರು.

ಮಳೆ, ಮಂಜು. ಐದು ಜನ, ಡಿಕ್ಕಿ ತುಂಬ ಸಾಮಾನು, ಗಾಜು ಮಬ್ಬಾಗದಿರಲೆಂದು ಎ.ಸಿ. ಒಂದನೇ ಗೇರು, ಎರಡನೇ ಗೇರು. ಒಂಬತ್ತನೆಯ ತಿರುವಿನ ನೋಟದ ಕಟ್ಟೆಯಲ್ಲಿ ಜನ ಮಂಜಿನೊಳಗೆ ನಿಂತು ಕಾಣದ ಅಣೆಕಟ್ಟಿನ ಫೋಟೊ ತೆಗೆಯುತ್ತಿದ್ದರು. ಹದಿಮೂರನೆಯ ತಿರುವು ಏರುವಾಗ ಉಷ್ಣತೆಯ ಮುಳ್ಳು ಕೆಂಪಿಗೆ ಹೋಯಿತು. ಬದಿಗೆ ನಿಲ್ಲಿಸುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ.

ಏನಾಗಿತ್ತು ಎಂಬುದನ್ನು ಆಮೇಲೆ ಮೆಕ್ಯಾನಿಕ್ ಬಿಡಿಸಿ ಹೇಳಿದ. ಎಂಜಿನ್ನಿಗೆ ನೀರು ಒಯ್ಯುವ ಕೊಳವೆ ಸೇರುವ ಜಾಗದಲ್ಲಿ ಪ್ಲಾಸ್ಟಿಕ್ಕಿನ ಒಂದು ಮೂತಿ. ಅಂಗೈಯಷ್ಟೂ ದೊಡ್ಡದಲ್ಲ. ಅದು ಕಾವಿಗೆ ಬಿರುಕುಬಿಟ್ಟು ನೀರೆಲ್ಲ ಸೋರಿಹೋಗಿತ್ತು. ಬಯಲಿನಲ್ಲಿ ವೇಗವಾಗಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಘಾಟಿಯಲ್ಲಿ ನಿಧಾನ ಏರುವಾಗ ಗಾಳಿ ಇಲ್ಲ, ಕೆಲಸ ಹೆಚ್ಚು, ಎಲ್ಲ ಭಾರವೂ ಫ್ಯಾನು ಮತ್ತು ನೀರಿನ ಮೇಲೆ. ಆದ್ದರಿಂದ ಹಳತಾದ ಬಿರುಕು ಎಲ್ಲಿಯೂ ಬಾಯಿ ಬಿಡದೆ ಘಾಟಿಯಲ್ಲೇ ಬಾಯಿ ಬಿಡುತ್ತದೆ. ಕಾರು ಕೊಂಡು ಒಂದು ವರ್ಷವಾದರೂ ನಾವು ಬಾನೆಟ್ಟು ಎತ್ತಿ ನೀರಿನ ಮಟ್ಟ ನೋಡಿದ್ದು ಎರಡೋ ಮೂರೋ ಸಲ. ಅಂಬಾಸಿಡರ್ ಇದ್ದಿದ್ದರೆ ಪ್ರತಿದಿನ ನೋಡುತ್ತಿದ್ದೆವು. ಅದು ಕೆಡುತ್ತದೆಂದು ಗೊತ್ತಿದ್ದುದರಿಂದಲೇ ಅದರ ಮೇಲೆ ಕಣ್ಣಿಡುತ್ತಿದ್ದರು ಜನ. ಕೆಡುವುದೇ ಇಲ್ಲ ಎಂದುಕೊಂಡ ಗಾಡಿಯನ್ನು ಯಾರು ನೋಡುತ್ತಾರೆ?

ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಒಂದು ಬಸ್ಸು ಬಂತು, ನಿಲ್ಲಲು ಜಾಗವಿಲ್ಲದಷ್ಟು ಜನ. ಕೈ ಅಡ್ಡ ಹಿಡಿದ ಎರಡು ಕಾರುಗಳು ನಿಲ್ಲಲಿಲ್ಲ. ಅವರನ್ನು ಬೈಯುವಂತಿಲ್ಲ, ಮಂಜಿನಲ್ಲಿ ತಿರುವಿನ ಮೇಲೆ ಯಾರು ನಿಲ್ಲಿಸುತ್ತಾರೆ? ಒಂದೂವರೆ ಗಂಟೆ ಕಳೆಯಿತು. ಅಮ್ಮ ಕಾರಿನಿಂದ ಇಳಿದು ಛತ್ರಿ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತೇ ಇದ್ದರು. ಒಳಗೆ ಕೂರಿ ಎಂದರೆ ಕೇಳಲಿಲ್ಲ.

ಕೊನೆಗೆ ಅಕ್ಕಿ ಮೂಟೆ ಹೇರಿಕೊಂಡ ಒಂದು ಹಳೆಯ ಜೀಪು ಬಂತು. ತೋಟದ್ದು. ಡ್ರೈವರಿಗೆ ಮಾವನ ಹೆಸರು ಹೇಳಿದ್ದೇ ತಡ, ಅವನು ಇಳಿದು ಮೂಟೆಗಳನ್ನು ಸರಿಸಿ ಜಾಗ ಮಾಡಿದ. ಆ ಜೀಪಿನ ಗೇರ್‌ಬಾಕ್ಸು ಮಾವನೇ ಎರಡು ಸಲ ಬಿಚ್ಚಿ ಕಟ್ಟಿದ್ದಂತೆ. ಅರವತ್ತಮೂರು ವರ್ಷದ ಅಮ್ಮ ಅಕ್ಕಿ ಮೂಟೆಯ ಮೇಲೆ ಕೂತರು. ನಮ್ಮಲ್ಲೊಬ್ಬರು ಅವರ ಜೊತೆ, ಇನ್ನೊಬ್ಬರು ಮಕ್ಕಳೊಂದಿಗೆ ಕಾರಿನಲ್ಲೇ. ಮೇಲೆ ಕವರ್‌ಕಲ್ಲಿನ ಹತ್ತಿರ, ಈ ಬೆಟ್ಟದಲ್ಲಿ ತೋಟ ಎಬ್ಬಿಸಿದ ಕಾರ್ವರ್ ಮಾರ್ಷ್‌ನ ಪ್ರತಿಮೆ ಇರುವ ಕಡೆ, ಹತ್ತು ಅಡಿ ಮುಂದಿನದೂ ಕಾಣದಂಥ ಮಂಜು. ಜೀಪು ತಡವರಿಸಲಿಲ್ಲ.

ಮನೆ ಮುಟ್ಟಿದಾಗ ನಾಲ್ಕು ಗಂಟೆ. ಮಾವ ಮೂರೂ ಕಾಲಕ್ಕೆ ಹೋಗಿದ್ದರು. ಬೆಳಿಗ್ಗೆ ಗುರುಗಳು ಬಂದು ರೋಗಿಗಳ ಅಭ್ಯಂಗ ಸಂಸ್ಕಾರ ಕೊಟ್ಟು, ಪರಮಪ್ರಸಾದ ನೀಡಿ ಹೋಗಿದ್ದರಂತೆ. ಆಮೇಲೆ ಎರಡು ಸಲ ಕಣ್ಣು ಬಿಟ್ಟು, "ಅಕ್ಕ ಬಂತಾ?" ಎಂದು ಕೇಳಿದ್ದರಂತೆ. ಕನ್ನಡದಲ್ಲಿ. ಅತ್ತೆಗೆ ಆ ಎರಡು ಪದ ಮಾತ್ರ ಅರ್ಥವಾಗಿತ್ತು.

ಮರುದಿನ ಸಮಾಧಿಯ ಪೂಜೆ ಮುಗಿಸಿ ಬಂದೆವು. ಕಾರನ್ನು ಪೊಳ್ಳಾಚಿಗೆ ಎಳೆಸಿ ಬಿಟ್ಟಿದ್ದಾಯಿತು. ಆ ಪ್ಲಾಸ್ಟಿಕ್ ಮೂತಿ ಪೊಳ್ಳಾಚಿಯಲ್ಲಿ ಇರಲಿಲ್ಲ, ಕೊಯಮತ್ತೂರಿನಲ್ಲಿ ಇರಲಿಲ್ಲ. ತಮಾಷೆ ನೋಡಿ, ಕೊಯಮತ್ತೂರು ಎಂದರೆ ದೇಶದ ಎಷ್ಟೋ ಗಾಡಿಗಳಿಗೆ ಪ್ರೈಕಾಲ್‌ನ ಮೀಟರು, ರೂಟ್ಸ್‌ನ ಹಾರನ್ನು ತಯಾರಾಗುವ ಊರು. ಅಲ್ಲಿ ನಮ್ಮ ಕಾರಿಗೆ ಒಂದು ಪ್ಲಾಸ್ಟಿಕ್ ತುಂಡು ಸಿಗಲಿಲ್ಲ. ಹನ್ನೊಂದು ದಿನ ಕಾದೆವು. ಎಂಜಿನ್ನಿನ ಗ್ಯಾಸ್ಕೆಟ್ಟೂ ಹೋಗಿತ್ತು, ಬಿಲ್ಲು 38,000 ರೂಪಾಯಿ. ಆರು ತಿಂಗಳಲ್ಲಿ ಅದನ್ನು ಕೊಂಡದ್ದರ ಅರ್ಧ ಬೆಲೆಗೆ ಮಾರಿ, ಓಡಿದ್ದ ಒಂದು ಮಾರುತಿ ತೆಗೆದುಕೊಂಡೆವು. ಸ್ವಾಮಿಗಳ ಬಳಿ ಒಮ್ಮೆ, ಆಶೀರ್ವಾದ ಮಾಡಿಸಿದ ಗಾಡಿಯೇ ಹೀಗೆ ಮಾಡಿತಲ್ಲ ಎಂದು ಸಂಕಟ ತೋಡಿಕೊಂಡಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಶೀರ್ವಾದ ಬೇಡಿದ್ದು ಒಳಗೆ ಕೂತವರಿಗೆ. ನೀರು ಹಾಕೋದು ನಿಮ್ಮ ಕೆಲಸ" ಎಂದರು. ಮೊದಲು ನೋವಾಯಿತು. ಆಮೇಲೆ ಸರಿ ಎನಿಸಿತು.

ಅಮ್ಮ ಏನೂ ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಅದೇ ನಮಗೆ ಭಾರವಾಗಿತ್ತು.

ಹದಿನಾಲ್ಕು ವರ್ಷ ಆ ಮಾರುತಿ ನಮ್ಮನ್ನು ಹೊತ್ತಿತು. ಅಷ್ಟರಲ್ಲಿ ದೇಶಗಳ ಲೆಕ್ಕವೇ ತಲೆಕೆಳಗಾಯಿತು. ಇಂಗ್ಲೆಂಡಿನ ಜಾಗ್ವಾರ್, ಲ್ಯಾಂಡ್ ರೋವರ್ 2008ರಲ್ಲೇ ಟಾಟಾದವರ ಕೈಗೆ ಬಂದಿದ್ದವು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪ್ಯೂಜೋ ಕೊಂಡಿತು. ಅಮೆರಿಕದ ಜನರಲ್ ಮೋಟಾರ್ಸ್ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡುವುದನ್ನು ಬಿಡುತ್ತೇವೆಂದು ಸಾರಿತು. ಒಳ್ಳೆಯ ಗಾಡಿ ಕೊಂಡಿದ್ದ ಜನ ಇದ್ದಕ್ಕಿದ್ದಂತೆ ಮರುಮಾರಾಟದ ಬೆಲೆ ಕುಸಿದದ್ದನ್ನು ನೋಡಬೇಕಾಯಿತು. ಗಾಡಿಯಲ್ಲಿ ಏನೂ ಕೆಟ್ಟಿರಲಿಲ್ಲ, ಕಂಪನಿ ಮನಸ್ಸು ಬದಲಿಸಿತ್ತು ಅಷ್ಟೆ. ಇನ್ನು ಗುಣದ ಮಾತು: ಕೆಡುವುದೇ ಇಲ್ಲ ಎಂದು ಹೆಸರಾದ ಟೊಯೋಟಾ 2009–10ರಲ್ಲಿ ಆಕ್ಸಿಲರೇಟರ್ ಪೆಡಲಿನ ತೊಂದರೆಗಾಗಿ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಯಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ್ದು 2015ರಲ್ಲಿ ಬಯಲಾಯಿತು. ಜಗತ್ತಿನಾದ್ಯಂತ ಒಂದು ಕೋಟಿಗೂ ಮೀರಿದ ಕಾರುಗಳು. ಯಾವ ದೇಶದ ಬಾವುಟ ಹಿಡಿದು ವಾದ ಮಾಡುವುದು?

2023ರಲ್ಲಿ ಹೊಸ ಕಾರಿನ ಮಾತು ಬಂದಾಗ ಮಗ ಬೇರೆಯದೇ ಪ್ರಶ್ನೆ ಎತ್ತಿದ. ಅವನೀಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಎಲ್ಲವನ್ನೂ ಓದಿಕೊಂಡು ಬರುತ್ತಾನೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮಲ್ಲಿ ಹೆಚ್ಚು ಓಡಾಡುವ ಐದು ಕಾರುಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸಿತಂತೆ. ಜಪಾನಿನ ಮೂಲದ್ದು, ಕೊರಿಯಾದ್ದು, ಅಮೆರಿಕದ್ದು, ಜರ್ಮನಿಯದ್ದು, ನಮ್ಮದು. ಏರ್‌ಬ್ಯಾಗ್ ಇಲ್ಲದ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ. ಅದೇ ಜರ್ಮನಿಯ ಕಾರಿಗೆ ಎರಡು ಏರ್‌ಬ್ಯಾಗ್ ಹಾಕಿ ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ. 2018ರಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆಯಿತು. 2023ರಲ್ಲಿ ನಮ್ಮ ಸರ್ಕಾರವೇ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ಶುರುಮಾಡಿತು. "ನಮ್ಮ ಮಾರುತಿ ಕೆಡಲಿಲ್ಲ ಅಂತೀರಲ್ಲ, ಒಮ್ಮೆ ಗುದ್ದಿದ್ದರೆ?" ಎಂದ. ನಮ್ಮ ಬಳಿ ಉತ್ತರವಿರಲಿಲ್ಲ. ಹದಿನಾಲ್ಕು ವರ್ಷ ಏರ್‌ಬ್ಯಾಗಿಲ್ಲದ ಗಾಡಿಯಲ್ಲಿ ಇಡೀ ಸಂಸಾರವನ್ನು ಕೂರಿಸಿಕೊಂಡು ದಿಂಬಂ ಇಳಿದವರು ನಾವು. ದೇವರು ದೊಡ್ಡವನು ಎನ್ನಬೇಕಷ್ಟೆ.

ಹೀಗೆ ನಮ್ಮ ಮನೆಯ ಊಟದ ಮೇಜಿನ ಮೇಲೆ ವಾರಗಟ್ಟಲೆ ಜಪಾನು, ಕೊರಿಯಾ, ಜರ್ಮನಿ, ಭಾರತ ಓಡಾಡಿದವು. ಮೈಲೇಜು, ನಕ್ಷತ್ರ, ಬೆಲೆ, ಕಂತು. ಆ ರಾತ್ರಿ ಅಮ್ಮ ರೊಟ್ಟಿ ಮುರಿಯುತ್ತ ಕೂತಿದ್ದರು. ಎಪ್ಪತ್ತೇಳು ವರ್ಷ, ಕಿವಿ ಸ್ವಲ್ಪ ಮಂದ. ಕೇಳಿಸಿಕೊಳ್ಳುತ್ತಿಲ್ಲ ಎಂದುಕೊಂಡಿದ್ದೆವು. ಮೊಮ್ಮಗನ ಕಡೆ ತಿರುಗಿ ಕೇಳಿದರು: "ಅದು ದಾರೀಲಿ ನಿಂತರೆ ಯಾರಪ್ಪ ಸರಿಮಾಡ್ತಾರೆ?"

ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಹದಿಮೂರನೆಯ ತಿರುವಿನಲ್ಲಿ ಹತ್ತು ವರ್ಷದವನಾಗಿದ್ದ ಮಗನಿಗೂ ಅರ್ಥವಾಯಿತು.

ಮರುದಿನ ಅವನು ಮಾಡಿದ್ದು ನಮಗೆ ಹೊಳೆದಿರಲಿಲ್ಲ. ಕೊಳ್ಳಬೇಕೆಂದಿದ್ದ ಎರಡು ಕಾರುಗಳ ಹೆಸರಿಟ್ಟುಕೊಂಡು ಮೈಸೂರು, ಚಾಮರಾಜನಗರ, ಸತ್ಯಮಂಗಲ, ಪೊಳ್ಳಾಚಿಯ ಸರ್ವಿಸ್ ಅಂಗಡಿಗಳಿಗೂ ಬಿಡಿಭಾಗದ ಅಂಗಡಿಗಳಿಗೂ ಫೋನು ಮಾಡಿದ. ವಾಟರ್ ಪಂಪು ಇದೆಯೇ? ರೇಡಿಯೇಟರ್ ಫ್ಯಾನು? ಬ್ರೇಕ್ ಪ್ಯಾಡು? ಇಲ್ಲದಿದ್ದರೆ ಎಷ್ಟು ದಿನ? ಎರಡರಲ್ಲಿ ಒಂದಕ್ಕೆ ಪೊಳ್ಳಾಚಿಯವರು "ಎರಡು ದಿನ, ಸಾರ್" ಎಂದರು, ಇನ್ನೊಂದಕ್ಕೆ "ಇದೆ, ಬನ್ನಿ" ಎಂದರು. "ಇದೆ, ಬನ್ನಿ" ಎಂದ ಕಾರಿಗೆ ನಕ್ಷತ್ರವೂ ಚೆನ್ನಾಗಿತ್ತು. ಕಂಪನಿಯ ಹೆಸರು ಬರೆದರೆ ಜಾಹೀರಾತಾದೀತು. ಮೂಲ ಯಾವ ದೇಶದ್ದು ಎಂದು ಕೇಳಿದರೆ ಮಗ ಒಂದು ನಕ್ಷೆಯನ್ನೇ ಬಿಡಿಸುತ್ತಾನೆ. ಇದು ಒಂದು ಕಡೆಯದು, ಅದು ಇನ್ನೊಂದು ಕಡೆಯದು, ಜೋಡಿಸುವುದು ಮತ್ತೊಂದು ಕಡೆ.

ಕಳೆದ ಜುಲೈನಲ್ಲಿ ಮಾವನ ವರ್ಷದ ಪೂಜೆಗೆ ಅದರಲ್ಲೇ ಹೋದೆವು. ಹೋಗುವಾಗ ಕೊಯಮತ್ತೂರಿನ ಜಿ.ಡಿ. ಕಾರು ಸಂಗ್ರಹಾಲಯದಲ್ಲಿ ಒಂದು ಗಂಟೆ ನಿಂತೆವು. ಬ್ರಿಟನ್, ಜರ್ಮನಿ, ಫ್ರಾನ್ಸ್, ಅಮೆರಿಕ, ಜಪಾನಿನ ಹಳೆಯ ಕಾರುಗಳು ಅಲ್ಲಿ ಮಿರಮಿರ ಮಿನುಗುತ್ತ ನಿಂತಿವೆ. ಜಿ.ಡಿ. ನಾಯ್ಡು 1920ರಲ್ಲಿ ಒಂದೇ ಒಂದು ಬಸ್ಸು ಕೊಂಡು ಪೊಳ್ಳಾಚಿಗೂ ಪಳನಿಗೂ ನಡುವೆ ತಾವೇ ಓಡಿಸಿ ಉದ್ಯಮ ಶುರುಮಾಡಿದವರು. ಆ ಕಾಲದಲ್ಲಿ ಬಸ್ಸು ನಿಂತರೆ ಹೊರದೇಶದಿಂದ ಸಾಮಾನು ಹಡಗಿನಲ್ಲಿ ಬರುವ ತನಕ ಕಾಯುವಂತಿರಲಿಲ್ಲ. ಬಿಚ್ಚಿ, ನೋಡಿ, ಇಲ್ಲೇ ಮಾಡಿಕೊಳ್ಳಬೇಕು. ಈ ಸೀಮೆಯಲ್ಲಿ ಇಷ್ಟೊಂದು ವರ್ಕ್‌ಶಾಪುಗಳು ಹುಟ್ಟಿದ್ದು ಸುಮ್ಮನೆ ಅಲ್ಲ ಎನಿಸಿತು. ಅಮ್ಮ ಸಾಲುಸಾಲು ನೋಡಿಕೊಂಡು ಬಂದು ಒಂದು ಕಡೆ ಕೂತು, "ನನ್ನ ತಮ್ಮ ಇದ್ದಿದ್ರೆ ಇದೆಲ್ಲ ಬಾನೆಟ್ಟು ಎತ್ತಿಸಿ ನೋಡ್ತಿದ್ದ" ಎಂದರು.

ಘಾಟಿ ಏರುವ ಮುನ್ನ ಆಳಿಯಾರಿನಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಆರಲು ಬಿಟ್ಟು, ನೀರು, ಎಣ್ಣೆ, ಟೈರು ನೋಡಿದೆವು. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಬೇಕು, ಬ್ರೇಕನ್ನು ಒತ್ತಿಕೊಂಡೇ ಇದ್ದರೆ ಅದು ಕಾದು ಹಿಡಿತ ಬಿಡುತ್ತದೆ. ಹತ್ತುವ ಗಾಡಿಗೆ ದಾರಿ ಬಿಡಬೇಕು. ಮಾವ ಮಗನಿಗೆ ಹೇಳಿಕೊಡಬೇಕಿದ್ದ ಈ ಮಾತುಗಳನ್ನು ನಾವು ಹೇಳಿದೆವು. ಒಂಬತ್ತನೆಯ ತಿರುವಿನ ನಂತರ ಒಂದು ವರೆಯಾಡು ರಸ್ತೆಯ ಕಟ್ಟೆಯ ಮೇಲೆ ನಿಂತು ನಮ್ಮನ್ನೇ ನೋಡುತ್ತಿತ್ತು. ಹದಿಮೂರನೆಯ ಫಲಕ ಬಂದಾಗ ಯಾರೂ ಏನೂ ಅನ್ನಲಿಲ್ಲ. ಹಿಂದಿನ ಸೀಟಿನಿಂದ ಮಣಿ ಸರಿಯುವ ಸದ್ದು ಮಾತ್ರ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಹದಿನಾರನೆಯ ತಿರುವಿನಲ್ಲಿ ಒಂದು ಕಾರು ಬಾನೆಟ್ಟು ಎತ್ತಿಕೊಂಡು ನಿಂತಿತ್ತು. ಕೇರಳದ ನಂಬರು, ಒಬ್ಬ ಗಂಡಸು, ಒಬ್ಬ ಹೆಂಗಸು, ಒಂದು ಮಗು. "ನಿಲ್ಲಿಸಪ್ಪ" ಎಂದರು ಅಮ್ಮ. ಮಗ ಆಗಲೇ ಇಂಡಿಕೇಟರ್ ಹಾಕಿದ್ದ.